ಅಪ್ಪ, ಇಲ್ಲಿ ಮೀಟರ್ ಗೇಜ್ ಇನ್ನೂ ಓಡುತ್ತಿದೆ

ಸೇಂಟ್ ಮೊರಿಟ್ಜ್, ಸ್ವಿಟ್ಜರ್ಲೆಂಡ್
ಶನಿವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವು ಮೂವರೂ ಕ್ಷೇಮ. ಅಮ್ಮನ ಮಂಡಿ ನೋವು ಹೇಗಿದೆ? ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸೋದಿಲ್ಲ, ಅರ್ಧಕ್ಕೇ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಇವತ್ತಿನ ವಿಷಯ ನಿಮಗೆ ಪೂರ್ತಿ ಹೇಳಲೇಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಇಲ್ಲಿಂದ ಟಿರಾನೊಗೆ ರೈಲಿನಲ್ಲಿ ಹೋಗಿ ಬಂದೆವು. ಅದು ಗಡಿ ದಾಟಿದ ಕೂಡಲೇ ಸಿಗುವ ಇಟಲಿಯ ಊರು. ಸುಮಾರು ಎರಡೂವರೆ ಗಂಟೆ ದಾರಿ. ಬರ್ನಿನಾ ಲೈನ್ ಅಂತಾರೆ. ಅಪ್ಪ, ಇದು ಮೀಟರ್ ಗೇಜ್, ಹಳಿಗಳ ನಡುವೆ ಒಂದೇ ಮೀಟರ್! 1996ರಲ್ಲಿ ಹಳಿ ಅಗಲ ಮಾಡಲು ಅಂತ ನಮ್ಮ ಘಾಟಿಯಲ್ಲಿ ರೈಲು ನಿಂತ ಮೇಲೆ, ರೈಲಿನ ಹೊತ್ತಿಗೆ ಸರಿಯಾಗಿ ನೀವು ಗಡಿಯಾರ ನೋಡುತ್ತಿದ್ದದ್ದು ನನಗೆ ನೆನಪಿದೆ. ಇಲ್ಲಿ 1910ರಲ್ಲಿ ಮುಗಿದ ದಾರಿಯಲ್ಲಿ ಅದೇ ಅಗಲದ ಹಳಿ, ಅದರ ಮೇಲೆ ಕೆಂಪು ರೈಲು. ಅಗಲ ಮಾಡೋಣ ಅಂತ ಯಾರೂ ಹೊರಟಿಲ್ಲ. 2008ರಲ್ಲಿ ಯುನೆಸ್ಕೊದವರು ಇದನ್ನು ವಿಶ್ವ ಪರಂಪರೆಯ ಪಟ್ಟಿಗೂ ಸೇರಿಸಿದ್ದಾರೆ.

ಸುಬ್ರಹ್ಮಣ್ಯದಿಂದ ಸಕಲೇಶಪುರಕ್ಕೆ 50 ಅಡಿಗೆ ಒಂದಡಿ ಏರು, ಅದಕ್ಕೇ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಬೇಕು ಅಂತಿದ್ರಲ್ವಾ? ಇಲ್ಲಿ ಕಡಿದಾದ ಕಡೆ 50 ಅಡಿಗೆ ಮೂರೂವರೆ ಅಡಿ! ಎಂಜಿನ್ ಕಚ್ಚಿ ಹಿಡಿದು ಹತ್ತಲು ನಡುವೆ ಹಲ್ಲಿನ ಹಳಿಯೂ ಇಲ್ಲ. ಬರೀ ಚಕ್ರದ ಹಿಡಿತದಲ್ಲೇ ಹತ್ತುತ್ತದೆ.

ಎಲ್ಲಕ್ಕಿಂತ ಎತ್ತರದ ಸ್ಟೇಷನ್ ಓಸ್ಪಿಜಿಯೊ ಬರ್ನಿನಾ, 2253 ಮೀಟರ್. ಅಲ್ಲಿ ಮರವೇ ಇಲ್ಲ, ಕಲ್ಲು ಮತ್ತು ಹುಲ್ಲು ಅಷ್ಟೇ. ಹಳಿಯ ಪಕ್ಕ ಎರಡು ಕೆರೆ. ಒಂದರ ಹೆಸರು ಕಪ್ಪು ಕೆರೆ, ಇನ್ನೊಂದರದ್ದು ಬಿಳಿ ಕೆರೆ. ಬಿಳಿ ಕೆರೆಗೆ ಹಿಮ ಕರಗಿದ ನೀರು ಬರುತ್ತದೆ, ನೋಡಲು ಅಕ್ಕಿ ತೊಳೆದ ನೀರಿನ ಹಾಗೆ. ಕಪ್ಪು ಕೆರೆಯ ನೀರು ಕಪ್ಪು ಸಮುದ್ರಕ್ಕೆ, ಬಿಳಿ ಕೆರೆಯದ್ದು ಇಟಲಿಯ ಕಡೆ ಏಡ್ರಿಯಾಟಿಕ್ ಸಮುದ್ರಕ್ಕೆ. ಬಿಸಿಲೆ ಹತ್ತಿರ ಮಂಕನಹಳ್ಳಿಯ ಆ ಕಲ್ಲಿನ ಎರಡೂ ಬದಿ ನನ್ನನ್ನು ನಿಲ್ಲಿಸಿ, ಈ ಕಡೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಆ ಕಡೆಯದ್ದು ಬಂಗಾಳ ಕೊಲ್ಲಿಗೆ ಅಂತ ತೋರಿಸಿದ್ರಿ. ಪುಟ್ಟಿಗೂ ಹಾಗೇ ತೋರಿಸಿದೆ.

ಆಮೇಲೆ ಆಲ್ಪ್ ಗ್ರೂಮ್ ಸ್ಟೇಷನ್. ಅಲ್ಲಿಗೆ ಕಾರಿನ ದಾರಿಯೇ ಇಲ್ಲ, ರೈಲಿನಲ್ಲಿ ಬರಬೇಕು, ಇಲ್ಲಾ ನಡೆದು. ಎದುರಿಗೆ ಪಾಲು ಹಿಮನದಿ. ಅಲ್ಲಿಂದ ಟಿರಾನೊ ತನಕ ಇಳಿಜಾರೇ. ಟಿರಾನೊ ಬರೀ 429 ಮೀಟರ್ ಎತ್ತರದಲ್ಲಿದೆ. ಕೆಳಗೆ ಬ್ರೂಜಿಯೊದಲ್ಲಿ ಒಂದು ದುಂಡಗಿನ ಸೇತುವೆ, ಒಂಬತ್ತು ಕಮಾನು. ರೈಲು ಅದರ ಮೇಲೆ ಸುತ್ತು ಹಾಕಿ, ಅದೇ ಸೇತುವೆಯ ಕೆಳಗೆ ತೂರಿ ಹೋಗುತ್ತದೆ. ಕಿಟಕಿಯಿಂದ ನಮ್ಮ ರೈಲಿನ ಮುಂದಿನ ಬೋಗಿಯೇ ಕಾಣುತ್ತಿತ್ತು. ಒಂದೇ ಸಲ ಇಳಿಯಲು ತುಂಬಾ ಕಡಿದು, ಅದಕ್ಕೆ ಸುತ್ತಿಸಿ ಇಳಿಸಿದ್ದಾರೆ. ಟಿರಾನೊದಲ್ಲಂತೂ ರೈಲು ರಸ್ತೆಯಲ್ಲೇ ಹೋಗುತ್ತದೆ, ದೊಡ್ಡ ಚರ್ಚಿನ ಎದುರಿಗೇ.

ವಾಪಸ್ ಬರುವಾಗ ಒಂದು ಸುರಂಗದ ಬಾಯಲ್ಲಿ ಲೈನ್ ಕೆಲಸದವನೊಬ್ಬ ನಿಂತಿದ್ದ. ಕೇಸರಿ ಅಂಗಿ, ಕೈಯಲ್ಲಿ ಉದ್ದನೆಯ ಸ್ಪ್ಯಾನರ್. ಬೆನ್ನನ್ನು ಗೋಡೆಗೆ ಒತ್ತಿಕೊಂಡು ನಮ್ಮ ರೈಲಿಗೆ ದಾರಿ ಬಿಟ್ಟ. ಪುಟ್ಟಿ ಕೈ ಬೀಸಿದಳು, ಅವನೂ ಸ್ಪ್ಯಾನರ್ ಎತ್ತಿ ತೋರಿಸಿದ. ನನಗೆ ಕಣ್ಣು ತುಂಬಿ ಬಂತು. ಇವರು ಏನಾಯ್ತು ಅಂತ ಕೇಳಿದರು, ಹೇಳಲು ಆಗಲಿಲ್ಲ.

ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದಾಗ ನೀವು ಮಳೆಗಾಲದ ರಾತ್ರಿ ಲಾಟೀನು ಹಿಡಿದು ಗಸ್ತಿಗೆ ಹೋಗುತ್ತಿದ್ರಿ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಬರುತ್ತಿದ್ದದ್ದು ಮಾತ್ರ ನನಗೆ ಗೊತ್ತು. ಸುರಂಗದ ನಡುವೆ ಇರುವಾಗ ರೈಲು ಬಂದರೆ ನೀವು ಎಲ್ಲಿ ನಿಲ್ಲುತ್ತಿದ್ರಿ ಅಪ್ಪ? ನಾನು ಯಾವತ್ತೂ ಕೇಳಲೇ ಇಲ್ಲ. ನಿಧಾನಕ್ಕೆ ನೆನಪು ಮಾಡಿಕೊಂಡು ಬರೆಯಿರಿ, ಎಷ್ಟು ಪುಟ ಆದರೂ ಸರಿ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು