ಒಂದೊಂದೂ ಮಿತಿಯೊಳಗೆ, ಎಲ್ಲವೂ ಸೇರಿದರೆ? ಪರಿಸರ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪರಿಸರ ಸಚಿವರೇ,

ನೀರಿನ ಪರೀಕ್ಷಾ ವರದಿಗಳು ತಮ್ಮ ಮೇಜಿನ ಮೇಲೆ ಬರುತ್ತಲೇ ಇರುತ್ತವೆ. ಎಡಗಡೆ ರಾಸಾಯನಿಕದ ಹೆಸರು, ನಡುವೆ ಸಿಕ್ಕ ಪ್ರಮಾಣ, ಬಲಗಡೆ ಅನುಮತಿಸಿದ ಮಿತಿ. ಎಲ್ಲ ಸಾಲುಗಳ ಕೊನೆಗೂ ‘ಮಿತಿಯೊಳಗಿದೆ’ ಎಂದಿದ್ದರೆ ಕಡತ ಅಲ್ಲಿಗೇ ಮುಚ್ಚುತ್ತದೆ. ಆ ವರದಿಯಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಆ ಇಪ್ಪತ್ತೋ ಮೂವತ್ತೋ ವಸ್ತುಗಳು ಒಟ್ಟಿಗೇ ಒಂದು ಜೀವಕೋಶವನ್ನು ಹೊಕ್ಕರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅದು ಕೇಳಿಯೇ ಇರುವುದಿಲ್ಲ. ಆ ಪ್ರಶ್ನೆಯನ್ನು ತಮ್ಮ ಇಲಾಖೆ ಕೇಳಲೇಬೇಕು ಎಂದು ಒತ್ತಾಯಿಸಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಬೆಳೆಸಿ, ಮಾಲಿನ್ಯಕಾರಕಗಳ ಮಿಶ್ರಣಕ್ಕೆ ಅವು ಹೇಗೆ ಪ್ರತಿಕ್ರಿಯಿಸುತ್ತವೆ ಎಂದು ನೋಡುವವಳು. ನಮ್ಮ ಕೆಲಸವೆಲ್ಲ ನಡೆಯುವುದು ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ. ಅದರಲ್ಲಿ 96 ಪುಟ್ಟ ಗುಳಿಗಳು, ಪ್ರತಿ ಗುಳಿಯ ತಳದಲ್ಲಿ ಸಾವಿರಾರು ಜೀವಕೋಶಗಳು. ಒಂದು ಸಾಲಿಗೆ ಒಂದೇ ರಾಸಾಯನಿಕ, ಇನ್ನೊಂದಕ್ಕೆ ಮತ್ತೊಂದು, ಕೊನೆಯ ಸಾಲಿಗೆ ಅವೆಲ್ಲವೂ ಕೂಡಿದ ಮಿಶ್ರಣ. ಒಂದು ದಿನ ಬಿಟ್ಟು ಹಳದಿ ಬಣ್ಣದ ದ್ರಾವಣ ಹಾಕುತ್ತೇವೆ. ಬದುಕಿರುವ ಜೀವಕೋಶ ಅದನ್ನು ನೇರಳೆಯಾಗಿಸುತ್ತದೆ, ಸತ್ತದ್ದಕ್ಕೆ ಆ ಶಕ್ತಿಯಿಲ್ಲ. ಬಿಡಿ ರಾಸಾಯನಿಕಗಳ ಸಾಲುಗಳೆಲ್ಲ ಗಾಢ ನೇರಳೆಗೆ ತಿರುಗಿ, ಮಿಶ್ರಣದ ಸಾಲು ಮಾತ್ರ ಪೇಲವವಾಗಿ ಉಳಿದದ್ದನ್ನು ಮೊದಲ ಬಾರಿ ಕಂಡಾಗ ಪಿಪೆಟ್ ಹಿಡಿದ ನನ್ನ ಕೈಯೇ ತಪ್ಪಿರಬೇಕು ಎಂದುಕೊಂಡೆ. ಇಡೀ ತಟ್ಟೆಯನ್ನು ಹೊಸದಾಗಿ ಮಾಡಿದೆ. ಮತ್ತೆ ಅದೇ ಬಣ್ಣ.

ಇದು ನನ್ನೊಬ್ಬಳ ಕಣ್ಣಿಗೆ ಬಿದ್ದ ಸಂಗತಿಯಲ್ಲ. 2002ರಲ್ಲಿ ಲಂಡನ್ನಿನ ಸಂಶೋಧಕರು ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸುವ ಎಂಟು ದುರ್ಬಲ ರಾಸಾಯನಿಕಗಳನ್ನು ಆರಿಸಿಕೊಂಡರು. ಪ್ರತಿಯೊಂದನ್ನೂ ಒಂಟಿಯಾಗಿ ಗಮನಾರ್ಹ ಪರಿಣಾಮ ಕಾಣದಷ್ಟು ಕಡಿಮೆ ಪ್ರಮಾಣದಲ್ಲಿ ಬೆರೆಸಿ ಯೀಸ್ಟ್ ಜೀವಕೋಶಗಳಿಗೆ ಕೊಟ್ಟರು. ಪರಿಣಾಮ ಸ್ಪಷ್ಟವಾಗಿ ಕಾಣಿಸಿತು. ಹನಿ ಹನಿ ಗೂಡಿದರೆ ಹಳ್ಳ ಎಂಬುದು ಜೀವಕೋಶದ ಮಟ್ಟಿಗೂ ನಿಜ. ‘ಪರಿಣಾಮ ಕಾಣಲಿಲ್ಲ’ ಎಂದರೆ ಪರಿಣಾಮ ಸೊನ್ನೆ ಎಂದಲ್ಲ. ನಮ್ಮ ಅಳತೆಗೆ ಸಿಗದಷ್ಟು ಸಣ್ಣದು ಎಂದಷ್ಟೇ. ಅಂಥ ಎಂಟು ಸಣ್ಣವು ಒಂದೇ ದಿಕ್ಕಿಗೆ ತಳ್ಳಿದಾಗ ಅಳತೆಗೆ ಸಿಗುತ್ತವೆ.

ಕೆಲವೊಮ್ಮೆ ಲೆಕ್ಕ ಕೂಡಿಕೆಯನ್ನೂ ಮೀರುತ್ತದೆ. ಮ್ಯಾಲಾಥಿಯಾನ್ ಮತ್ತು ಇಪಿಎನ್ ಎಂಬ ಎರಡು ಕೀಟನಾಶಕಗಳನ್ನು ಒಟ್ಟಿಗೆ ಕೊಟ್ಟರೆ ವಿಷತ್ವ ಎಣಿಸಿದ್ದಕ್ಕಿಂತ ಬಹಳ ಹೆಚ್ಚುತ್ತದೆ ಎಂದು 1957ರಲ್ಲೇ ವರದಿಯಾಗಿತ್ತು. ಮ್ಯಾಲಾಥಿಯಾನನ್ನು ಒಡೆದು ನಿರುಪದ್ರವಿಯಾಗಿಸುವ ಕಿಣ್ವವೊಂದು ಸಸ್ತನಿಗಳ ದೇಹದಲ್ಲಿದೆ. ಇಪಿಎನ್ ಆ ಕಿಣ್ವದ ಕೈಕಟ್ಟಿಹಾಕುತ್ತದೆ. ಕಾವಲುಗಾರನನ್ನು ಒಬ್ಬ ಹಿಡಿದುಕೊಂಡರೆ ಇನ್ನೊಬ್ಬ ಒಳನುಗ್ಗಿದಂತೆ. ಪೈರೆಥ್ರಿನ್ ಕೀಟನಾಶಕಗಳಿಗೆ ಪೈಪೆರೊನೈಲ್ ಬ್ಯುಟಾಕ್ಸೈಡ್ ಎಂಬ ಸಹಾಯಕ ವಸ್ತುವನ್ನು ಬೆರೆಸುವುದು ಸರಿಸುಮಾರು ಇದೇ ಉಪಾಯದಿಂದ: ಕೀಟ ವಿಷವನ್ನು ಒಡೆದು ಬದುಕಿಕೊಳ್ಳದಿರಲಿ ಎಂದು. ಕೀಟವನ್ನು ಕೊಲ್ಲುವಾಗ ಮಿಶ್ರಣದ ಬಲವನ್ನು ನಂಬುವ ನಾವು, ಸುರಕ್ಷತೆಯ ಮಿತಿ ಬರೆಯುವಾಗ ಅದನ್ನು ಮರೆಯುವುದು ನ್ಯಾಯವಲ್ಲ. ಹೀಗೆ ಒಂದು ಇನ್ನೊಂದರ ಬಲ ಹೆಚ್ಚಿಸುವ ಜೋಡಿಗಳು ಎಲ್ಲೆಲ್ಲೂ ಇಲ್ಲ ಎಂಬುದನ್ನೂ ಹೇಳಬೇಕು. ಬಹುಪಾಲು ಮಿಶ್ರಣಗಳಲ್ಲಿ ಪರಿಣಾಮಗಳು ಹೆಚ್ಚುಕಡಿಮೆ ಕೂಡಿಕೊಳ್ಳುತ್ತವೆ, ಅಷ್ಟೆ. ಇದು ನಿಯಮ ರೂಪಿಸುವವರಿಗೆ ಅನುಕೂಲದ ಸಂಗತಿ, ಏಕೆಂದರೆ ಕೂಡುವುದಕ್ಕೆ ಲೆಕ್ಕ ಸಾಕು.

‘ಇಷ್ಟೊಂದು ಮಿಶ್ರಣಗಳನ್ನು ಯಾರು ಪರೀಕ್ಷಿಸುತ್ತಾರೆ?’ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ಕೇಳುವುದು ಸರಿಯೇ. ಕೇವಲ 20 ವಸ್ತುಗಳಿದ್ದರೂ ಜೋಡಿಗಳೇ 190, ಎಲ್ಲ ಬಗೆಯ ಕೂಟಗಳನ್ನು ಎಣಿಸಿದರೆ ಹತ್ತು ಲಕ್ಷ ದಾಟುತ್ತದೆ. ಆ ದಾರಿಯಲ್ಲಿ ಹೋದರೆ ಮುಗಿಯುವುದೇ ಇಲ್ಲ. ಆದ್ದರಿಂದಲೇ ಇದ್ದ ಮಾದರಿಯನ್ನು ಇದ್ದಂತೆಯೇ ಪರೀಕ್ಷಿಸಬೇಕು. ನೀರನ್ನು ಹೀರುವಸ್ತು ತುಂಬಿದ ನಳಿಕೆಯ ಮೂಲಕ ಹಾಯಿಸಿ, ಅದರಲ್ಲಿ ಹಿಡಿದುಕೊಂಡದ್ದನ್ನು ಇಳಿಸಿಕೊಂಡು, ಆ ಸಾರವನ್ನೇ ಜೀವಕೋಶಗಳ ಮೇಲೆ ಹಾಕುವುದು. ಅವು ನರಳಿದರೆ ಮಾತ್ರ ಸಾರವನ್ನು ಭಾಗ ಮಾಡುತ್ತಾ, ಯಾವ ಭಾಗದಲ್ಲಿ ಕೇಡಿದೆ ಎಂದು ಹುಡುಕುವುದು.

ಈ ಹುಡುಕಾಟ ಏನು ಕೊಡಬಲ್ಲದು ಎಂಬುದಕ್ಕೆ ಒಂದು ಮೀನಿನ ಕಥೆಯಿದೆ. ಅಮೆರಿಕದ ಸಿಯಾಟಲ್ ಸುತ್ತಮುತ್ತಲಿನ ತೊರೆಗಳಿಗೆ ಮೊಟ್ಟೆಯಿಡಲು ಮರಳುತ್ತಿದ್ದ ಕೊಹೊ ಸಾಲ್ಮನ್ ಮೀನುಗಳು ಮಳೆಯ ನಂತರ ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ಗೊತ್ತಿರುವ ಮಾಲಿನ್ಯಕಾರಕಗಳಲ್ಲಿ ವರ್ಷಗಳ ಕಾಲ ಹುಡುಕಿದರೂ ಕಾರಣ ಸಿಗಲಿಲ್ಲ. ಕೊನೆಗೆ ಸಂಶೋಧಕರು ಟೈರಿನ ಪುಡಿಯಿಂದ ನೀರಿಗಿಳಿಯುವ ಮಿಶ್ರಣವನ್ನು ಭಾಗ ಭಾಗವಾಗಿ ಬೇರ್ಪಡಿಸಿ, ಒಂದೊಂದು ಭಾಗವನ್ನೂ ಮೀನಿನ ಮೇಲೆ ಪರೀಕ್ಷಿಸಿದರು. 2020ರ ಡಿಸೆಂಬರ್‌ನಲ್ಲಿ ಉತ್ತರ ಹೊರಬಿತ್ತು: ಟೈರ್ ಬಾಳಿಕೆ ಬರಲೆಂದು ಸೇರಿಸುವ 6ಪಿಪಿಡಿ ಎಂಬ ವಸ್ತು ಗಾಳಿಯ ಓಝೋನ್ ಜೊತೆ ವರ್ತಿಸಿ ಹುಟ್ಟುವ 6ಪಿಪಿಡಿ-ಕ್ವಿನೋನ್. ಅದರ ಹೆಸರು ಯಾವ ಪರೀಕ್ಷಾ ಪಟ್ಟಿಯಲ್ಲೂ ಇರಲಿಲ್ಲ. ಇಲ್ಲದ ಹೆಸರನ್ನು ಪಟ್ಟಿ ಹುಡುಕುವುದಾದರೂ ಹೇಗೆ?

ತಟ್ಟೆಯೊಳಗಿನ ಜೀವಕೋಶ ಮನುಷ್ಯನಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಪೋಷಕ ದ್ರವದಲ್ಲಿರುವ ಸೀರಮ್ ಪ್ರೋಟೀನುಗಳು ರಾಸಾಯನಿಕವನ್ನು ಹಿಡಿದಿಟ್ಟುಕೊಳ್ಳುತ್ತವೆ, ಪ್ಲಾಸ್ಟಿಕ್ ಗೋಡೆಗೂ ಒಂದಿಷ್ಟು ಅಂಟುತ್ತದೆ. ಬಹಳ ಬಳಕೆಯಲ್ಲಿರುವ ಯಕೃತ್ತಿನ ಜೀವಕೋಶ ತಳಿಯೊಂದರಲ್ಲಿ ವಿಷ ಒಡೆಯುವ ಕಿಣ್ವಗಳೇ ದುರ್ಬಲ. ಹಾಗಾಗಿ ಈ ಪರೀಕ್ಷೆಯಿಂದ ಯಾರಿಗೆ ಯಾವ ಕಾಯಿಲೆ ಬರುತ್ತದೆ ಎಂದು ಹೇಳಲಾಗುವುದಿಲ್ಲ. ಎಲ್ಲಿ ಮೊದಲು ಹುಡುಕಬೇಕು ಎಂದು ಹೇಳಬಹುದು. ಪಟ್ಟಿಯನ್ನಷ್ಟೇ ನಂಬಿದರೆ ಅದೂ ಸಾಧ್ಯವಿಲ್ಲ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಈಗಾಗಲೇ ಮಾದರಿ ಸಂಗ್ರಹಿಸುತ್ತಿರುವ ಕೇಂದ್ರಗಳಲ್ಲಿ ಕೆಲವನ್ನಾದರೂ ಆರಿಸಿ, ರಾಸಾಯನಿಕ ಪಟ್ಟಿಯ ಜೊತೆಗೆ ಜೀವಕೋಶ ಪರೀಕ್ಷೆಯನ್ನೂ ಕಡ್ಡಾಯ ಮಾಡಿ. ಪ್ರತಿ ಮಾದರಿಯ ಸಾರದಲ್ಲಿ ಒಂದು ಪಾಲನ್ನು ಶೈತ್ಯದಲ್ಲಿ ಕಾಪಿಡಿ, ನಾಳೆ ಹೊಸ ಹೆಸರೊಂದು ಹೊರಬಿದ್ದಾಗ ಹಿಂದಿರುಗಿ ನೋಡಲು ಅದೇ ಆಧಾರ. ಒಂದೇ ರೀತಿಯಲ್ಲಿ ಕೆಡುಕು ಮಾಡುವ ವಸ್ತುಗಳಿಗೆ ಒಟ್ಟು ಮಿತಿ ನಿಗದಿಪಡಿಸಿ. ಇದಕ್ಕೆ ಮಾದರಿಗಳಿವೆ: ಡಯಾಕ್ಸಿನ್‌ಗಳೆಂಬ ವಿಷವಸ್ತುಗಳನ್ನು ಒಂದೇ ಅಳತೆಗೆ ತಂದು ಕೂಡುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ, ಒಂದೇ ಬಗೆಯ ಕೀಟನಾಶಕಗಳ ಒಟ್ಟು ಅಪಾಯವನ್ನು ಲೆಕ್ಕಹಾಕಬೇಕೆಂದು ಅಮೆರಿಕ 1996ರಲ್ಲೇ ಕಾನೂನು ಮಾಡಿದೆ.

ಕೊನೆಗೊಂದು ಆಹ್ವಾನ. ವರದಿಯಲ್ಲಿ ಎಲ್ಲ ಸಾಲುಗಳೂ ‘ಮಿತಿಯೊಳಗಿದೆ’ ಎಂದಿರುವ ಒಂದು ಮಾದರಿಯನ್ನು ತಾವೇ ಆರಿಸಿ ನಮಗೆ ಕಳುಹಿಸಿಕೊಡಿ. ತಟ್ಟೆ ಸಿದ್ಧವಾದ ದಿನ ಪ್ರಯೋಗಾಲಯಕ್ಕೆ ಬನ್ನಿ. ಹಳದಿ ದ್ರಾವಣ ಹಾಕಿ ಬಣ್ಣ ತಿರುಗುವವರೆಗೆ ಮೂರ್ನಾಲ್ಕು ಗಂಟೆ ಕಾಯಬೇಕಾಗುತ್ತದೆ. ಕೊನೆಯ ಸಾಲು ಯಾವ ಬಣ್ಣಕ್ಕೆ ಬರುತ್ತದೆ ಎಂದು ನನಗೂ ಮೊದಲೇ ತಿಳಿದಿರುವುದಿಲ್ಲ. ಒಟ್ಟಿಗೇ ನೋಡೋಣ.

ಇಂತಿ ತಮ್ಮ ವಿಶ್ವಾಸಿ,
ಜೀವಕೋಶ ಪ್ರಯೋಗಾಲಯದ ಒಬ್ಬ ಸಂಶೋಧಕಿ