ಎಚ್ಚರಿಕೆ ಕನ್ನಡದಲ್ಲೂ ಇರಲಿ

ಮಾನ್ಯರೇ,

ಮಂಡಿನೋವಿಗೆಂದು ನಮ್ಮ ಅತ್ತೆ ಹಾಸನದ ಅಂಗಡಿಯೊಂದರಿಂದ ಆಯುರ್ವೇದ ಮಾತ್ರೆ ತಂದಿದ್ದರು. ಬೇಗ ಗುಣವಾಗಲೆಂದು ಎರಡರ ಬದಲು ನಾಲ್ಕು ನುಂಗುತ್ತಿದ್ದರು. ಡಬ್ಬಿಯ ಅಂಚಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಇತ್ತು. ಇಂಗ್ಲಿಷ್ ಮತ್ತು ಹಿಂದಿಯಲ್ಲಿ! ಅತ್ತೆಗೆ ಬರುವುದು ಕನ್ನಡ ಮಾತ್ರ.

ತಯಾರಕರನ್ನು ದೂರಲಾರೆ, ನಿಯಮವೇ ಹಾಗಿದೆ. ವತ್ಸನಾಭಿ, ದತ್ತೂರ, ಹರಿತಾಳ, ಪಾದರಸದಂಥ ವಿಷದ್ರವ್ಯಗಳಿರುವ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಗಳಿಗೆ ಆ ಎರಡು ಭಾಷೆಗಳ ಎಚ್ಚರಿಕೆಯಷ್ಟೇ ಕಡ್ಡಾಯ.

ಇಂಥ ವಿಷಯಗಳಲ್ಲಿ ಸರ್ಕಾರಕ್ಕೆ ಸಲಹೆ ನೀಡಲೆಂದೇ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 33ಸಿ ಕಲಮಿನಡಿ ತಾಂತ್ರಿಕ ಸಲಹಾ ಮಂಡಳಿಯಿದೆ. ದ್ರವ್ಯಗುಣದ (ಔಷಧದ್ರವ್ಯಗಳ ಗುಣ ತಿಳಿಸುವ ಆಯುರ್ವೇದ ಶಾಸ್ತ್ರ) ಅಧ್ಯಾಪಕರು, ಸಸ್ಯರಸಾಯನ ತಜ್ಞರು, ವೈದ್ಯರು ಕೂರುವ ಅಲ್ಲಿ ಔಷಧೋದ್ಯಮಕ್ಕೂ ಮೂರು ಸ್ಥಾನಗಳಿವೆ. ಔಷಧ ನುಂಗುವವರಿಗೆ ಒಂದೂ ಇಲ್ಲ. ಇಂಥ ಔಷಧಗಳ ಜಾಹೀರಾತಿಗೆ ಪೂರ್ವಾನುಮತಿ ಕಡ್ಡಾಯಗೊಳಿಸಿದ್ದ 170ನೇ ನಿಯಮದಡಿ ಕ್ರಮ ಬೇಡವೆಂದು 2023ರಲ್ಲಿ ಆಯುಷ್ ಸಚಿವಾಲಯ ರಾಜ್ಯಗಳಿಗೆ ಬರೆದದ್ದು ಇದೇ ಮಂಡಳಿಯ ಶಿಫಾರಸಿನ ಆಧಾರದಲ್ಲಿ. ಆಯುರ್ವೇದದ ಮೇಲೆ ನನಗೆ ಗೌರವವಿದೆ; ನಮ್ಮ ಮನೆಯಲ್ಲಿ ಇಂದಿಗೂ ಕೆಮ್ಮಿಗೆ ಆಡುಸೋಗೆ ಕಷಾಯವೇ. ಆದ್ದರಿಂದಲೇ ಕೇಳುತ್ತಿದ್ದೇನೆ: ತಜ್ಞರು ಯಾವ ಕಾರಣಕ್ಕೆ ಏನು ಸಲಹೆ ಕೊಟ್ಟರೆಂಬುದು ಜನರಿಗೂ ಗೊತ್ತಾಗಬೇಡವೇ?

ಮಂಡಳಿಯಲ್ಲಿ ರೋಗಿಗಳ ಪರವಾಗಿ ಮಾತನಾಡುವವರಿಗೂ ಜಾಗ ಕೊಡಲಿ. ಎಚ್ಚರಿಕೆಯನ್ನು ಆಯಾ ರಾಜ್ಯದ ಭಾಷೆಯಲ್ಲಿ ಮುದ್ರಿಸುವುದನ್ನು ಕಡ್ಡಾಯ ಮಾಡಲಿ. ನಮ್ಮ ಹಾಸನದಲ್ಲೇ ಆಯುರ್ವೇದ ಕಾಲೇಜಿದೆ. ಅಲ್ಲಿನ ಅಧ್ಯಾಪಕರು ಈ ಬಗ್ಗೆ ಸರ್ಕಾರಕ್ಕೆ ಬರೆದರೆ ಅದಕ್ಕೆ ತೂಕವಿರುತ್ತದೆ. ಅತ್ತೆಯ ಡಬ್ಬಿಯ ಮೇಲೆ ಸದ್ಯಕ್ಕೆ ನಾನೇ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದೇನೆ.

– ಓದುಗರೊಬ್ಬರು, ಹಾಸನ