ವಾಂತಿ ನಿಂತ ಮೇಲಿನ ತಿಂಗಳುಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿ ತುಂಬಾ ಖುಷಿಯಾಯಿತು. ನಿನ್ನ ಹೆಂಡತಿಗೆ ನಾಲ್ಕು ತಿಂಗಳು ತುಂಬಿತು, ವಾಂತಿ ನಿಂತಿದೆ, ಒಗ್ಗರಣೆ ವಾಸನೆಗೆ ಈಗ ಎದ್ದು ಓಡುವುದಿಲ್ಲ, ಇನ್ನು ಹೆರಿಗೆಯವರೆಗೆ ಚಿಂತೆಯಿಲ್ಲ ಅಂತ ಬರೆದಿದ್ದೀಯ. ಆ ಕೊನೆಯ ಮಾತು ನೋಡಿಯೇ ಈ ಪತ್ರ ಬರೆಯಲು ಕೂತೆ. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಇಷ್ಟು ವರ್ಷ ಕಂಡಿರುವುದು ಇದು. ಮೊದಲ ಮೂರು ತಿಂಗಳು ಮನೆಮಂದಿಯೆಲ್ಲ ಎಚ್ಚರವಾಗಿರುತ್ತಾರೆ. ಒಂಬತ್ತಕ್ಕೆ ಬಿದ್ದ ಮೇಲೆ ಮತ್ತೆ ಎಲ್ಲರಿಗೂ ಗಾಬರಿ. ನಡುವಿನ ತಿಂಗಳುಗಳಲ್ಲಿ ಬಸುರಿ ಓಡಾಡಿಕೊಂಡು ಚೆನ್ನಾಗಿಯೇ ಇರುತ್ತಾಳಲ್ಲ, ಹಾಗಾಗಿ ಯಾರೂ ಅಷ್ಟಾಗಿ ಗಮನ ಕೊಡುವುದಿಲ್ಲ. ಮುಖ್ಯವಾದ ಎಷ್ಟೋ ಕೆಲಸಗಳು ಆಗಬೇಕಾದ ಕಾಲ ಅದೇ. ಅದರಲ್ಲಿ ನಿನ್ನ ಪಾಲು ದೊಡ್ಡದಿದೆ.

ಮೊದಲು ಸಂತೋಷದ ವಿಷಯ. ಇನ್ನು ಅವಳಿಗೆ ಹಸಿವು ಬರುತ್ತದೆ. ಹೊಟ್ಟೆ ಕಾಣಿಸಿಕೊಳ್ಳುತ್ತದೆ. 20ನೇ ವಾರದ ಹೊತ್ತಿಗೆ ಗರ್ಭಕೋಶ ಹೊಕ್ಕುಳ ಮಟ್ಟಕ್ಕೆ ಬಂದಿರುತ್ತದೆ. ಮೊದಲ ಬಸುರಿನಲ್ಲಿ ಮಗು ಆಡುವುದು ಗೊತ್ತಾಗುವುದು ಸಾಮಾನ್ಯವಾಗಿ 18ರಿಂದ 20 ವಾರಕ್ಕೆ. ಅದು ಒದೆತ ಅಲ್ಲ. ಒಳಗೆಲ್ಲೋ ಮೀನು ಬಾಲ ಆಡಿಸಿದ ಹಾಗೆ. ಗ್ಯಾಸೋ ಮಗುವೋ ಅಂತ ಅವಳಿಗೇ ಮೊದಮೊದಲು ಅನುಮಾನ ಬರುತ್ತದೆ. ನೀನು ಹೊಟ್ಟೆಯ ಮೇಲೆ ಕೈಯಿಟ್ಟರೆ ನಿನಗೇನೂ ಸಿಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಇನ್ನೂ ಕೆಲವು ವಾರ ಕಾಯಬೇಕು. ಆರನೇ ತಿಂಗಳಾಗುವ ಹೊತ್ತಿಗೆ ಮಗುವಿಗೆ ಹೊರಗಿನ ಸದ್ದೂ ಕೇಳಿಸತೊಡಗುತ್ತದೆ. ಮಾತಾಡು, ಹಾಡು, ಯಾರೇನಂದರೂ ಅಂದುಕೊಳ್ಳಲಿ.

ಸಣ್ಣಪುಟ್ಟ ತೊಂದರೆಗಳು ಇದ್ದೇ ಇರುತ್ತವೆ. ಎದೆಯುರಿ, ಮಲಬದ್ಧತೆ, ಸೊಂಟನೋವು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ. ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರಬಹುದು, ಈ ತಿಂಗಳುಗಳಲ್ಲಿ ಬಿಪಿ ಸ್ವಲ್ಪ ಇಳಿದಿರುತ್ತದೆ. ಹೊಕ್ಕುಳಿಂದ ಕೆಳಗೆ ಕಪ್ಪು ಗೆರೆ ಮೂಡುತ್ತದೆ, ಕೆಲವರಿಗೆ ಮುಖದ ಮೇಲೂ ಕಲೆ. ಅದನ್ನು ಎತ್ತಿ ಆಡಬೇಡ, ಸುಮ್ನೆ ಅವಳ ಮನಸ್ಸಿಗೆ ನೋವು.

18ರಿಂದ 20 ವಾರದ ನಡುವೆ ಅನಾಮಲಿ ಸ್ಕ್ಯಾನ್ ಇದೆ. ಮಗುವಿನ ಮೆದುಳು, ಬೆನ್ನುಹುರಿ, ಹೃದಯದ ನಾಲ್ಕು ಕೋಣೆ, ಕಿಡ್ನಿ, ಕೈಕಾಲು ಎಲ್ಲವನ್ನೂ ಒಂದೊಂದಾಗಿ ನೋಡುತ್ತಾರೆ. ಮಾಸು ಎಲ್ಲಿ ಕೂತಿದೆ ಅನ್ನುವುದೂ ತಿಳಿಯುತ್ತದೆ. ಆಮೇಲೆ ಹೋದರಾಯಿತು ಅಂತ ಮುಂದೂಡಬೇಡ. ದೊಡ್ಡ ತೊಂದರೆ ಏನಾದರೂ ಕಂಡರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಲು, ಇಬ್ಬರೂ ಕೂತು ಯೋಚಿಸಲು ದಿನಗಳು ಬೇಕು. ಗರ್ಭಪಾತದ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದ ಮೇಲೂ, ಮಗುವಿನ ತೊಂದರೆಯ ಕಾರಣಕ್ಕೆ 24 ವಾರ ದಾಟಿದರೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು. ಮತ್ತೆ ಗಂಡೋ ಹೆಣ್ಣೋ ಅಂತ ಕೇಳಬೇಡ, ಮನೆಯಲ್ಲಿ ಯಾರೂ ಕೇಳದಂತೆ ನೋಡಿಕೋ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಲ್ಲಿ ಹೇಳಿದವರಿಗೂ ಶಿಕ್ಷೆ ಇದೆ, ಪತ್ತೆ ಮಾಡಿಸಲು ಹೋದವರಿಗೂ ಇದೆ. ಸ್ಕ್ಯಾನ್ ದಿನ ರಜೆ ಹಾಕಿ ಜೊತೆಗೆ ಹೋಗು. ರಿಪೋರ್ಟಿನಲ್ಲಿ ಏನಾದರೂ ಇದ್ದರೆ ಅವಳೊಬ್ಬಳೇ ಕೇಳಿಸಿಕೊಳ್ಳುವಂತೆ ಆಗಬಾರದು.

ಈಗ ನನಗೆ ತುಂಬಾ ಹತ್ತಿರದ ವಿಷಯಕ್ಕೆ ಬರುತ್ತೇನೆ. ಕಬ್ಬಿಣದ ಮಾತ್ರೆ. ನಡುವಿನ ತಿಂಗಳುಗಳಲ್ಲಿ ರಕ್ತದಲ್ಲಿ ನೀರಿನಂಶ ಬೇಗ ಹೆಚ್ಚುತ್ತದೆ, ಕೆಂಪು ಕಣಗಳು ಅಷ್ಟು ಬೇಗ ಹೆಚ್ಚುವುದಿಲ್ಲ. ಹಿಮೋಗ್ಲೋಬಿನ್ ಇಳಿಯುವುದೇ ಆಗ. 11ಕ್ಕಿಂತ ಕಡಿಮೆ ಆದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದಿದೆ. ಅದಕ್ಕೇ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಮಾತ್ರೆ ಕೊಡುವುದು.

ಕೊಡುತ್ತೇವೆ, ಆದರೆ ನುಂಗುತ್ತಾರಾ? ಒಮ್ಮೆ ಒಬ್ಬ ಹುಡುಗಿ ಹಿಮೋಗ್ಲೋಬಿನ್ 7 ಇಟ್ಟುಕೊಂಡು ಹೆರಿಗೆಗೆ ಬಂದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿ ಕಾಗದ. ಎರಡು ಬಾಟಲಿ ರಕ್ತ ಕೊಡಬೇಕಾಯಿತು. ಆಮೇಲೆ ಅವಳ ತಾಯಿ ಬ್ಯಾಗಿನಿಂದ ಮಾತ್ರೆಯ ಪಟ್ಟಿಗಳನ್ನು ತೆಗೆದು ತೋರಿಸಿದರು. ಒಂದೂ ಒಡೆದಿರಲಿಲ್ಲ. ಮಾತ್ರೆ ತಿಂದರೆ ಮಗು ಕಪ್ಪಗೆ ಹುಟ್ಟುತ್ತದೆ ಅಂತ ಮನೆಯಲ್ಲಿ ಯಾರೋ ಹೇಳಿದ್ದರಂತೆ. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ ಕಣೋ. ಕಪ್ಪಗಾಗುವುದು ಮಲ ಮಾತ್ರ, ಮಗು ಅಲ್ಲ. ಕೇಸರಿ ಹಾಲು ಕುಡಿಯಲಿ, ರುಚಿಯಾಗಿರುತ್ತದೆ, ಆದರೆ ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ಕೊಡಬೇಡ, ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕದ ಜೊತೆ ಕೊಡು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಹೊಟ್ಟೆ ತೊಳೆಸಿದಂತಾದರೆ ರಾತ್ರಿ ಊಟದ ಮೇಲೆ ತೆಗೆದುಕೊಳ್ಳಲಿ, ಬಿಡುವುದು ಬೇಡ. ಬಯಕೆ ಅಂತ ಮಾವಿನಕಾಯಿ, ಹುಣಸೆಹಣ್ಣು ಕೇಳಿದರೆ ತಂದುಕೊಡು. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ ತಿನ್ನುವುದು ಕಂಡರೆ ಮಾತ್ರ ನಕ್ಕು ಸುಮ್ಮನಾಗಬೇಡ. ರಕ್ತ ಕಡಿಮೆ ಇರುವವರಿಗೆ ಆ ಆಸೆ ಜಾಸ್ತಿ. ಡಾಕ್ಟರಿಗೆ ಹೇಳು.

24ರಿಂದ 28 ವಾರದ ನಡುವೆ ಶುಗರ್ ಪರೀಕ್ಷೆ. ಮೊದಲೊಮ್ಮೆ ಆಗಿದ್ದರೂ ಆಗ ಮತ್ತೆ ಮಾಡಿಸಬೇಕು. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸುರಿನ ಸಕ್ಕರೆ ಕಾಯಿಲೆ. ಊಟದಲ್ಲಿ ಹಿಡಿತವಿದ್ದು, ದಿನಾ ನಡೆದರೆ ಎಷ್ಟೋ ಜನಕ್ಕೆ ಹತೋಟಿಗೆ ಬರುತ್ತದೆ. ಇಬ್ಬರ ಊಟ ಒಬ್ಬಳೇ ಉಣ್ಣಬೇಕು ಅಂತ ಬಡಿಸುವವರಿಗೆ ನೀನೇ ಮೆತ್ತಗೆ ಹೇಳು, ಅವಳ ಬಾಯಲ್ಲಿ ಹೇಳಿಸಬೇಡ.

ಒಂದು ಮಾತ್ರ ನೆನಪಿಟ್ಟುಕೋ. 20 ವಾರ ಕಳೆದ ಮೇಲೆ ಬಿಡದ ತಲೆನೋವು, ಕಣ್ಣು ಮಂಜು, ಮುಖ ಊದುವುದು, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಅದು ಬಿಪಿ ಏರಿದ ಸೂಚನೆ ಇರಬಹುದು. ರಕ್ತ ಕಂಡರೆ, ನೀರು ಸೋರಿದರೆ, ಆಡುತ್ತಿದ್ದ ಮಗು ಆಡದಿದ್ದರೆ ಬೆಳಗಾಗಲಿ ಅಂತ ಕಾಯಬೇಡ. ಆಗಲೇ ಹೊರಡು. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡು.

ಏಳರಲ್ಲಿ ಸೀಮಂತ, ಹಸಿರು ಬಳೆ, ಆಮೇಲೆ ತವರಿಗೆ, ಅಲ್ವಾ? ಕಳಿಸುವಾಗ ತಾಯಿ ಕಾರ್ಡ್, ಸ್ಕ್ಯಾನ್, ರಕ್ತದ ರಿಪೋರ್ಟ್ ಎಲ್ಲ ಒಂದೇ ಫೈಲಿನಲ್ಲಿ ಹಾಕಿ ಕಳಿಸು. ಎಷ್ಟೋ ಜನ ಬಳೆ, ಸೀರೆ ತುಂಬಿಕೊಂಡು ಕಾಗದ ಬಿಟ್ಟು ಬರುತ್ತಾರೆ. ಹೆರಿಗೆ ಮಾಡಿಸುವ ಆಸ್ಪತ್ರೆಗೆ ಈ ತಿಂಗಳುಗಳಲ್ಲೇ ಒಮ್ಮೆ ಹೋಗಿ ತೋರಿಸಿ ಬನ್ನಿ. ಓಡಾಡಲು ಅವಳಿಗೆ ಹಗುರವಾಗಿರುವುದು ಈಗಲೇ.

ಕಳೆದ ಸಲದ ಹಿಮೋಗ್ಲೋಬಿನ್ ಎಷ್ಟಿತ್ತು ಅಂತ ಕಾರ್ಡ್ ನೋಡಿ ಇವತ್ತೇ ಮೆಸೇಜ್ ಹಾಕು. ಅವಳಿಗೆ ನನ್ನ ನೆನಪು ಹೇಳು.

ನಿನ್ನ ಗೆಳತಿ